ತೊಳೆದ ಹೆಜ್ಜೆ

"ಬೋನಿಗೆ ಬಿದ್ದಿರೋದು ಆ ಹುಲಿ ಅಲ್ಲ. ಅಚ್ಚಿನ ಈ ಹೆಜ್ಜೆ ಸಣ್ಣದು, ಬೋನಲ್ಲಿರೋದರ ಪಾದ ದೊಡ್ಡದು. ಅದನ್ನ ವಾಪಸ್ ಕಾಡಿಗೆ ಬಿಡಬಹುದು," ಎಂದರು ವನ್ಯಜೀವಿ ಸಂಶೋಧನಾ ಸಂಸ್ಥೆಯ ವಿಜ್ಞಾನಿ ರಂಜಿನಿ. ಮೇಜಿನ ಮೇಲಿದ್ದ ಪ್ಲಾಸ್ಟರ್ ಅಚ್ಚು ಹೆಡತಲೆ ಊರಿನಲ್ಲಿ ದನ ಕಾಯುತ್ತಿದ್ದವನನ್ನು ಕೊಂದ ಹುಲಿಯದು. ತೆಗೆದವನು ಫಾರೆಸ್ಟ್ ವಾಚರ್ ನಾಗೇಂದ್ರ.

ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಅಚ್ಚಿನ ಮೇಲೆ ಬೆರಳಾಡಿಸಿದ. ಅಂಚೆಲ್ಲ ಹೊಳೆಯ ಕಲ್ಲಿನಂತೆ ನುಣ್ಣಗಿತ್ತು, ಸಂದಿಯಲ್ಲಿ ವಿಭೂತಿ. ಇಲ್ಲಿಗೆ ತರುವ ಮುನ್ನ ಅದು ಎಂಟು ದಿನ ಮನೆಯಲ್ಲಿತ್ತು. ಹೊರಗೆ ಓಡಿ ಫೋನ್ ಮಾಡಿದ.

"ಅವ್ವಾ, ಆ ಅಚ್ಚು ಮುಟ್ಟಿದ್ಯಾ?"

"ಮಾದಪ್ಪನ ಹುಲಿ ಪಾದ ಕಣಪ್ಪ, ಅಂಗೇ ಮೂಲೇಲಿ ಬುಟ್ಬುಡಕಾಯ್ತದಾ? ದಿನಾ ತೆಂಗಿನ್ ನಾರಲ್ಲಿ ಉಜ್ಜಿ ತೊಳ್ದು ಪೂಜೆ ಮಾಡ್ದೆ. ಯಾಕ್ಲಾ?"

ಅವನು ಒಳಗೆ ಬರುವಷ್ಟರಲ್ಲಿ ರಂಜಿನಿ ವರದಿಗೆ ಸಹಿ ಹಾಕಲು ಪೆನ್ನು ತೆಗೆದಿದ್ದರು. ಹೇಳಿದರೆ ಕೆಲಸ ಹೋಗುತ್ತದೆ. ಸತ್ತವನ ಹೆಂಡತಿ ಈಗ ಅದೇ ಹೊಲಕ್ಕೆ ದನ ಹೊಡೆದುಕೊಂಡು ಹೋಗುತ್ತಾಳೆ. ನಾಗೇಂದ್ರ ಸಹಿಯ ಜಾಗದ ಮೇಲೆ ಅಂಗೈ ಊರಿದ.

"ತಡೀರಿ ಮೇಡಂ. ಹುಲಿ ಸಣ್ದಲ್ಲ. ನಮ್ಮವ್ವ ತೊಳ್ದು ತೊಳ್ದು ಸವೆಸ್ಬುಟ್ಟವ್ಳೆ."