ಯಾರೇ ಬರೆದರೂ

"ಈ ನಿಯಮ ನನಗೂ ಉಂಟಾ?" ಎಂದು ಕೇಳಿದರು ಸಿ ಬೂಶ್ತಾ.

"ಮೊದಲು ನಿಮಗೇ," ಎಂದಳು ಗಿಜ್ಲಾನ್.

ನಮ್ಮ ತೆತ್ವಾನ್ ಊರಿನಲ್ಲಿ ಯಾವ ಔಷಧಿ ಅಂಗಡಿ ಈಗ ತೆರೆದಿದೆ ಎಂದು ಫೋನಿನಲ್ಲಿ ತೋರಿಸುವ ಆ್ಯಪ್ ಅವರದು. ಹುಟ್ಟಿಸಿದವರು ನಿವೃತ್ತ ಗಣಿತದ ಮೇಷ್ಟ್ರು ಸಿ ಬೂಶ್ತಾ. ಬೆಳೆಸಿದವರು ಅವರ ಹಳೆಯ ಶಿಷ್ಯೆ ಗಿಜ್ಲಾನ್, ಅವಳ ಗೆಳೆಯ ಇದ್ರೀಸ್, ಇನ್ನೂ ಹತ್ತಾರು ಜನ. ಎಲ್ಲರದೂ ಪುಕ್ಕಟೆ ಚಾಕರಿ. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ಒಪ್ಪುವ ರೂಢಿ ಅಲ್ಲಿ ಇತ್ತು. ಮೇಷ್ಟ್ರು ಬರೆದದ್ದು ಮಾತ್ರ ಸೀದಾ ಆ್ಯಪಿನೊಳಗೆ ಹೋಗುತ್ತಿತ್ತು. ನಮ್ಮಲ್ಲಿ ಹಿರಿಯರು ಸುರಿದ ಚಹಾಕ್ಕೆ ಸಕ್ಕರೆ ಸಾಲದು ಎನ್ನುವ ಗಂಡುಗಲಿ ಇನ್ನೂ ಹುಟ್ಟಿಲ್ಲ.

ರಂಜಾನ್ ಬಂತೆಂದರೆ ನಮ್ಮ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತದೆ. ಈ ಸಲ ಮೇಷ್ಟ್ರು ಯಾರಿಗೂ ತೋರಿಸದೆ ಆ್ಯಪಿನಲ್ಲೂ ಒಂದು ಗಂಟೆ ಕಳೆದುಬಿಟ್ಟರು. ಫೋನುಗಳು ಆಗಲೇ ತಾವಾಗಿಯೇ ಆ ಗಂಟೆಯನ್ನು ಕಳೆದಿದ್ದವು; ಎರಡು ಸಲ ಕಳೆದದ್ದರಿಂದ ಆ್ಯಪ್ ಊರಿಗಿಂತ ಒಂದು ಗಂಟೆ ಹಿಂದೆ ಬಿತ್ತು. ಗಿಜ್ಲಾನಳ ಅಕ್ಕ, ಉಬ್ಬಸದಿಂದ ಏದುತ್ತಿದ್ದ ಮಗುವನ್ನು ಎತ್ತಿಕೊಂಡು ಆ್ಯಪ್ 'ತೆರೆದಿದೆ' ಎಂದ ಅಂಗಡಿಗೆ ಓಡಿದಳು. ಅದು ಬಾಗಿಲು ಹಾಕಿ ಅರ್ಧ ಗಂಟೆಯಾಗಿತ್ತು. ಯಾವನೋ ಪುಣ್ಯಾತ್ಮ ಟ್ಯಾಕ್ಸಿಯವನು ಆಸ್ಪತ್ರೆಗೆ ಒಯ್ದದ್ದರಿಂದ ಮಗು ಉಳಿಯಿತು. ಇಂಥದ್ದು ಇನ್ನೊಮ್ಮೆ ಆಗಕೂಡದು ಎಂದು ಗಿಜ್ಲಾನ್ ಅಂದೇ ತೀರ್ಮಾನಿಸಿದ್ದಳು.

ಹಬ್ಬ ಮುಗಿದ ಮೇಲೆ ಮೂವರೂ ಮೇಷ್ಟ್ರ ಮನೆಯಲ್ಲಿ ಪುದೀನ ಚಹಾದ ಮುಂದೆ ಕೂತಿದ್ದರು.

"ನಿಮ್ಮಕ್ಕನ ಮನೆಗೆ ಹೋಗಿ ತಪ್ಪಾಯ್ತು ಅಂತ ಹೇಳಿ ಬಂದಿದೀನಿ," ಎಂದರು ಮೇಷ್ಟ್ರು. "ಇನ್ನೇನು ಮಾಡ್ಲಿ ಮಗಳೇ? ನಿನಗೆ ಕೂಡೋದು ಕಳೆಯೋದು ಹೇಳ್ಕೊಟ್ಟೋನು ನಾನು. ಈಗ ನೀನು ನನ್ನ ಲೆಕ್ಕ ತಿದ್ತೀಯಾ?"

"ತಿದ್ತೀನಿ ಮೇಷ್ಟ್ರೇ. ನೀವು ನಂದು ತಿದ್ದಿ. ಯಾರೇ ಬರೆದ್ರೂ ಇನ್ನೊಬ್ರು ಓದಿ ಒಪ್ಪಬೇಕು. ಒಪ್ಪದೇ ಇದ್ರೆ ಕಂಪ್ಯೂಟರೇ ಒಳಗೆ ಬಿಡಬಾರದು, ಹಾಗೆ ಬೀಗ ಹಾಕೋಣ."

"ಮೇಷ್ಟ್ರಿಗೊಂದು ವಿನಾಯ್ತಿ ಕೊಡೋಣ ಬಿಡು," ಎಂದ ಇದ್ರೀಸ್. "ಪಾಪ, ವಯಸ್ಸಾದೋರು."

"ವಿನಾಯ್ತಿ ಕೊಟ್ಟಿದ್ದಕ್ಕೇ ಅಲ್ವಾ ನಮ್ಮಕ್ಕ ಮುಚ್ಚಿದ ಬಾಗಿಲು ಬಡಿದಿದ್ದು?"

ಇದ್ರೀಸ್ ಬಾಯಿಗೊಂದು ತುಂಡು ರೊಟ್ಟಿ ತುರುಕಿಕೊಂಡ. ಗಿಜ್ಲಾನ್ ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಗುಂಪಿಗೆಲ್ಲ ಗೊತ್ತು. ಆದರೆ ಈ ಮೊಲಕ್ಕೆ ನಿಜವಾಗಿಯೂ ಮೂರೇ ಕಾಲಿದ್ದವು. ಅವಳು ಅಲ್ಲೇ ಲ್ಯಾಪ್‌ಟಾಪ್ ತೆರೆದು ನಿಯಮವನ್ನು ಬರೆದಳು. ಇದ್ರೀಸ್ ಮೇಷ್ಟ್ರ ಮುಖ ನೋಡದೆ ಒಪ್ಪಿಗೆಯ ಗುಂಡಿ ಒತ್ತಿದ.

ಮೇಷ್ಟ್ರು ಎದ್ದು ಒಳಕೋಣೆಗೆ ಹೋದರು. ಸ್ವಲ್ಪ ಹೊತ್ತಿನಲ್ಲೇ ಅವರು ಕಳಿಸಿದ ಬದಲಾವಣೆಯೊಂದು ಗಿಜ್ಲಾನಳ ಲ್ಯಾಪ್‌ಟಾಪಿಗೆ ಬಂತು. ಯೋಜನೆ ನಡೆಸುವವರ ಪಟ್ಟಿಯಿಂದ ತಮ್ಮ ಹೆಸರನ್ನು ಅಳಿಸಿಕೊಂಡಿದ್ದರು. ಕಾರಣ ಬರೆಯುವ ಜಾಗದಲ್ಲಿ, 'ಮುದುಕರು ದಾರಿ ಬಿಡುವುದು ಲೇಸು' ಎಂದಿತ್ತು.

"ಆಯ್ತಲ್ಲ, ಕಳ್ಕೊಂಡ್ವಿ," ಎಂದ ಇದ್ರೀಸ್.

ಈ ಮನುಷ್ಯನಿಲ್ಲದೆ ಆ್ಯಪ್ ನಡೆದೀತು, ಆದರೆ ಗಿಜ್ಲಾನಳಿಗೆ ಅವರು ಬೇಕಾಗಿದ್ದರು. ನಿಯಮವೂ ಬೇಕಾಗಿತ್ತು. ಕಣ್ಣೊರೆಸಿಕೊಂಡು ಮತ್ತೊಮ್ಮೆ ಓದಿದಳು, ಏನೋ ಬರೆದಳು, ಗುಂಡಿ ಒತ್ತಿದಳು.

ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿಕೊಂಡು ಬಾಗಿಲಿಗೆ ಬಂದರು. "ಒಳಗೆ ಹೋಗ್ತಾನೇ ಇಲ್ಲ ಇದು. ನನ್ನ ಹೆಸರು ನಾನು ಅಳಿಸ್ಕೊಳ್ಳೋಕೂ ಆಗಲ್ವಾ?"

"ಇನ್ನೊಬ್ರು ಓದಿ ಒಪ್ಪಬೇಕಲ್ಲ ಮೇಷ್ಟ್ರೇ," ಎಂದಳು ಗಿಜ್ಲಾನ್. "ನಾನು ಓದ್ದೆ. ಇರೋದೇ ಒಂದು ಸಾಲು, ಅದ್ರಲ್ಲೂ ತಪ್ಪು ಮಾಡಿದೀರಿ. ವಾಪಸ್ ಕಳಿಸಿದೀನಿ."