ಒಳಗಿನ ಹಗೆ

"ಆ ಹೆಂಗಸನ್ನ ಈಗಲೇ ಹೊರಗೆ ಕಳಿಸಿ," ಎಂದು ಮುತಿಸೊ ಮೂರನೆಯ ಸಲ ಹೇಳಿದ. ಎಣಿಕೆ ಕೇಂದ್ರದ ಮುಖ್ಯಾಧಿಕಾರಿ ಜೆರೆ ಮೂರನೆಯ ಸಲವೂ ನಕ್ಕುಬಿಟ್ಟ.

ಮುತಿಸೊ ನೈರೋಬಿಯವನು. ಚುನಾವಣೆಯ ಕಂಪ್ಯೂಟರುಗಳಿಗೆ ಹ್ಯಾಕರ್‌ಗಳು ಕನ್ನ ಹಾಕದಂತೆ ಕಾಯುವುದು ಅವನ ಕಸುಬು. ಜಾಂಬಿಯಾದ ಕಸಾಮಾಕ್ಕೆ ಬಂದು ಇನ್ನೂ ಐದೇ ದಿನ. ಹಿಂದೊಮ್ಮೆ ಬೇರೊಂದು ದೇಶದಲ್ಲಿ ಒಳಗಿನವನೊಬ್ಬ ಹಗೆ ತೀರಿಸಿಕೊಳ್ಳಲು ಕಳ್ಳರಿಗೆ ದಾರಿ ಬಿಟ್ಟಿದ್ದ. ಇಡೀ ಜಿಲ್ಲೆಯ ಫಲಿತಾಂಶ ಮಣ್ಣುಪಾಲಾಗಿತ್ತು. ಆಗಲೂ ಕಾವಲಿಗಿದ್ದವನು ಮುತಿಸೊನೇ. ಇನ್ನೊಮ್ಮೆ ಹಾಗಾದರೆ ಅವನಿಗೆ ಗೇಟು ಕಾಯುವ ಕೆಲಸವನ್ನೂ ಯಾರೂ ಕೊಡುವುದಿಲ್ಲ.

ಇಲ್ಲಿಯ ಯಂತ್ರದ ಪಾಸ್‌ವರ್ಡ್ ಇದ್ದದ್ದು ಚಿಲೆಶೆ ಎಂಬ ವಿಧವೆಯ ಬಳಿ. ಅವಳಿಗೂ ಜೆರೆಗೂ ಎಣ್ಣೆ ಸೀಗೆಕಾಯಿ ಎಂಬುದನ್ನು ಮುತಿಸೊ ಮೊದಲ ದಿನವೇ ಕಂಡುಕೊಂಡಿದ್ದ.

"ಏನೇ ಕೋತಿ ತಿನ್ನೋಳೇ, ಯಂತ್ರಕ್ಕೂ ಮಂಗನ ಬುದ್ಧಿ ಕಲಿಸಿದ್ಯಾ?"

"ಬಾರೋ ಇಲಿಬಾಕ. ನೀನು ಬಂದೆ ಅಂತ ವೈರು ಕಡಿಯೋ ಇಲಿಗಳೆಲ್ಲ ಊರು ಬಿಟ್ಟಿವೆ."

ದಿನವೂ ಇದೇ ಸುಪ್ರಭಾತ. ಸಾಲದ್ದಕ್ಕೆ ಕಸ ಗುಡಿಸುವ ಅಜ್ಜಿ ನಗುನಗುತ್ತ ಇನ್ನೊಂದು ಸಂಗತಿ ಹೇಳಿದ್ದಳು. ಚಿಲೆಶೆಯ ಗಂಡನನ್ನು ಮಣ್ಣು ಮಾಡುವಾಗ ಈ ಜೆರೆ ಮಹಾರಾಯ ಗುಂಡಿಗಿಳಿದು ಮಲಗಿ, ‘ಜಾಗ ನನ್ನದು’ ಎಂದು ಅಣಕಿಸಿದ್ದನಂತೆ. ಅಂಥ ಅವಮಾನವನ್ನು ಯಾವ ಹೆಂಗಸು ಮರೆತಾಳು?

ಎಣಿಕೆಯ ದಿನ ಬೆಳಗ್ಗೆ ದೂರದ ಮತಗಟ್ಟೆಗಳ ಫಲಿತಾಂಶ ತರಲು ಜೆರೆ ಜೀಪು ಹತ್ತಿದ. ಮುತಿಸೊಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಹೊರಗಿನಿಂದ ಯಾರೋ ನಿಮಿಷಕ್ಕೆ ನೂರು ಸಲ ಒಳನುಗ್ಗಲು ನೋಡುತ್ತಿರುವುದು ಪರದೆಯ ಮೇಲೆ ಕಾಣುತ್ತಿತ್ತು. ಖುದ್ದು ಜೆರೆ ಹೇಳದೆ ಹೊರಗಿನವರಿಗೆ ದಾರಿ ತೆರೆಯಕೂಡದೆಂದು, ಫೋನೆಲ್ಲ ಸ್ಪೀಕರಿನಲ್ಲೇ ಇರಬೇಕೆಂದು ಮುತಿಸೊನೇ ನಿಯಮ ಮಾಡಿದ್ದ.

ಮಧ್ಯಾಹ್ನ ಎರಡು ಗಂಟೆಗೆ ಚಿಲೆಶೆಯ ಫೋನು ಬಡಿದುಕೊಂಡಿತು. ಜೆರೆಯ ನಂಬರು, ಜೆರೆಯದೇ ಒಡಕು ದನಿ.

"ಚಿಲೆಶೆ ಮೇಡಂ, ಹ್ಯಾಕರ್‌ಗಳು ಒಳಗೆ ಬಂದುಬಿಟ್ಟಿದ್ದಾರೆ. ದಯವಿಟ್ಟು ಹತ್ತು ನಿಮಿಷ ದಾರಿ ತೆರೆದಿಡಿ. ಕೇಂದ್ರ ಕಚೇರಿಯವರು ಸರಿಮಾಡ್ತಾರೆ."

ಸದ್ಯ, ಕಷ್ಟ ಬಂದಾಗಲಾದರೂ ಮನುಷ್ಯ ಅಧಿಕಾರಿಯ ಹಾಗೆ ಮಾತಾಡಿದನಲ್ಲ ಎಂದು ಮುತಿಸೊಗೆ ಸಮಾಧಾನವಾಯಿತು.

ಚಿಲೆಶೆಯ ಮುಖ ಕಳೆಗುಂದಿತು. ಅವಳು ಫೋನು ಇಟ್ಟು, ಗೋಡೆಯಿಂದ ಇಂಟರ್ನೆಟ್ಟಿನ ವೈರನ್ನೇ ಕಿತ್ತೆಸೆದಳು.

"ಹಗೆ ಸಾಧಿಸೋಕೆ ಇವತ್ತೇ ಬೇಕಿತ್ತಾ?" ಮುತಿಸೊ ಕಿರುಚಿ ಪೊಲೀಸರನ್ನು ಕರೆದ.

ಪೊಲೀಸರು ಅವಳಿಗೆ ಕೋಳ ತೊಡಿಸಿದರು. "ಅವನಿಗೇನೋ ಆಗಿದೆ. ಮೊದಲು ಜೀಪು ಹುಡುಕ್ರಪ್ಪಾ!" ಎಂದು ಗೋಗರೆದಳು. ಎಂಥ ನಾಟಕ ಎಂದು ಮುತಿಸೊ ಮುಖ ತಿರುಗಿಸಿದ.

ಒಂದು ತಾಸು ಕಳೆದು ಜೀಪು ಬಂತು. ಮೈಯೆಲ್ಲ ಧೂಳಾಗಿದ್ದ ಜೆರೆ ಬಾಗಿಲಲ್ಲೇ ನಿಂತ. "ಏನೇ ಕೋತಿ ತಿನ್ನೋಳೇ, ಕೊನೆಗೂ ಸಿಕ್ಕಿಬಿದ್ಯಾ?"

"ಬದುಕಿದ್ದೀಯೇನೋ ಇಲಿಬಾಕ!" ಎಂದವಳೇ ಚಿಲೆಶೆ ಗಳಗಳನೆ ಅತ್ತುಬಿಟ್ಟಳು.

ಜೆರೆ ಯಾರಿಗೂ ಫೋನು ಮಾಡಿರಲಿಲ್ಲ. ಬೆಳಗಿನಿಂದ ಅವನಿಗೆ ಸಿಗ್ನಲ್ಲೇ ಇರಲಿಲ್ಲ. ಹಾಗಾದರೆ ಅದು ಕಂಪ್ಯೂಟರಿನಲ್ಲಿ ಹೊಸೆದ ದನಿ, ನಂಬರೂ ನಕಲಿ. ಮುತಿಸೊ ತಾನೇ ಕಿವಿಯಾರೆ ಕೇಳಿ ನಂಬಿದ್ದ. ನಾಚಿಕೆಯಿಂದ ಅವನೇ ಪೊಲೀಸರಿಂದ ಕೀಲಿ ಇಸಿದುಕೊಂಡ. ಕೋಳ ಬಿಚ್ಚುತ್ತ ಕೇಳಿದ: "ನಿಮಗೆ ಹೇಗೆ ಗೊತ್ತಾಯ್ತು?"

"ನಾನು ಬೆಂಬಾ ಬುಡಕಟ್ಟಿನವಳು, ಅವನು ಎನ್‌ಗೋನಿ ಬುಡಕಟ್ಟಿನವನು. ನಮ್ಮಜ್ಜಂದಿರು ಹೊಡೆದಾಡಿ ಸಾಕಾಗಿ, ಇನ್ಮೇಲೆ ಬರೀ ಬೈದಾಡೋಣ ಅಂತ ನೆಂಟರಾದ್ರು. ನನ್ನ ಗಂಡ ಸತ್ತ ದಿನ ನನ್ನನ್ನ ನಗಿಸಿದವನು ಇವನೊಬ್ಬನೇ." ಚಿಲೆಶೆ ಕಣ್ಣೊರೆಸಿಕೊಂಡಳು.

"ಆ ದನಿ ನನ್ನನ್ನ ಮೇಡಂ ಅಂತು, ಸಾರ್."