ಪಂಚೆಯಗಲ ಬಿಸಿಲು

ಹಿಂದೆ ನೀರು ಬಿಡುತ್ತಿದ್ದಂತೆ ಈಗ ಊರಿಗೆ ಬಿಸಿಲನ್ನೂ ಪಾಳಿಯ ಮೇಲೆ ಬಿಡುತ್ತಿದ್ದರು. ದಿಬ್ಬದ ಬಡಾವಣೆಗೆ ದಿನವೂ, ತಗ್ಗಿನಕೇರಿಗೆ ವಾರಕ್ಕೊಮ್ಮೆ. ಈ ಸಲ ಕೇರಿಯ ಪಾಳಿ ಯಾರದೋ ಮದುವೆಯ ಫೋಟೋ ಚೆನ್ನಾಗಿ ಬರಲೆಂದು ಕಲ್ಯಾಣಮಂಟಪಕ್ಕೆ ಹೋಗಿತ್ತು. ಪಿಯುಸಿ ಓದುವ ಅನುಸೂಯಾ ಅದನ್ನು ತನ್ನ ಪತ್ರಿಕೆಯಲ್ಲಿ ಬರೆದಳು. ಪತ್ರಿಕೆಯೆಂದರೆ ಪಡಿತರ ಅಂಗಡಿಯ ಗೋಡೆ ಮತ್ತು ಒಂದು ತುಂಡು ಸೀಮೆಸುಣ್ಣ.

ಮರುದಿನ ಅವಳ ಮನೆಯಂಗಳಕ್ಕೆ ಮಾತ್ರ ಒಂದು ಪಂಚೆಯಗಲ ಬಿಸಿಲು ಬಿತ್ತು. ಪಕ್ಕದ ಮನೆಯ ಹೊಸಿಲು ಕತ್ತಲಲ್ಲೇ ಇತ್ತು.

ನೀರುಗಂಟಿಯಂತೆ ಕೇರಿಗೆ ಬಿಸಿಲು ಬಿಡುವ ಬಿಸಿಲುಗಂಟಿ ಪುಟ್ಟಮಾದಯ್ಯ ಬೇಲಿಯಾಚೆ ನಿಂತು, “ಪಾಳಿ ಹಂಚೋ ಸಾಹೇಬ್ರು ಕಳ್ಸವ್ರೆ ಕಣವ್ವ. ಇನ್ನು ದಿನಾ ಬತ್ತದೆ. ನೀನು ಆ ಗೋಡೆ ಒರಸ್ಬುಡು,” ಎಂದು ಹೇಳಿ ಹೋದ.

ಅವ್ವ ಲಕ್ಕಮ್ಮ ಸಂಡಿಗೆ ಮಾರಿ ಮಗಳನ್ನು ಓದಿಸುತ್ತಿದ್ದವಳು. ಪಾಳಿ ನಂಬಿ ಕಾಸಿಟ್ಟ ಹಿಟ್ಟು ಹುಳಿಯಾಗುತ್ತಿತ್ತು. ಅವನು ಬೆನ್ನು ತಿರುಗಿಸುವಷ್ಟರಲ್ಲಿ ಹಳೆಯ ಪಂಚೆ ಹಾಸಿ ಸಂಡಿಗೆ ಇಡತೊಡಗಿದಳು.

“ಬರೀಬ್ಯಾಡ ಅನ್ನಕಿಲ್ಲ ಮಗ. ಇದು ಒಣಗೋಗಂಟ ತಡ್ಕೊ.”

“ಒಣಗಿದ್ ಮ್ಯಾಕೆ ಲಂಚ ತಿಂದಂಗೇಯ ಕಣವ್ವ.”

‘ವರದಿಗಾರ್ತಿಯ ಅಂಗಳಕ್ಕೆ ಮಾತ್ರ ಬಿಸಿಲು’ ಎಂಬ ಸುದ್ದಿ ಗೋಡೆಗೇರಿದ ಸ್ವಲ್ಪ ಹೊತ್ತಿಗೇ ಅಂಗಳ ಕತ್ತಲಾಯಿತು. ಅನುಸೂಯಾ ಬಂದಾಗ ಲಕ್ಕಮ್ಮ ಹಸಿ ಸಂಡಿಗೆಯನ್ನು ಕೆರೆದು ಪಾತ್ರೆಗೆ ಹಾಕುತ್ತಿದ್ದಳು. ತಲೆಯೆತ್ತಲಿಲ್ಲ.

“ನಾನು ಸಂಡಿಗೆ ಇಟ್ಟಿದ್ನೂ ಬರ್ದ್ಯಾ?”

“ಅದ್ಯಾಕವ್ವ ಬರೀಲಿ?”

“ಬರಿ. ಅದ ಮುಚ್ಚಿಟ್ರೆ ನಿನ್ ಗೋಡೆ ಮ್ಯಾಲೂ ನಮ್ಮನೆಗೊಂದು ಪಾಳಿ, ಕೇರಿಗೊಂದು ಪಾಳಿ ಆಯ್ತದೆ.”